ಯಾರೂ ಹಾಕದ ಮದ್ದು

ಬಸವೇಶ್ವರನಗರ, ಬೆಂಗಳೂರು
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಧನ್ಯಾ,

ನಿನ್ನ ಜಲಜತ್ತೆ ಮಾಡುವ ಆಶೀರ್ವಾದ. ಹರಿದು ಹಾಕುವ ಮುಂಚೆ ಈ ಮೊದಲ ಪುಟವನ್ನಾದರೂ ಓದು. ಹೇಗಿದ್ದೀಯ? ಕಾಗದದ ತಲೆಯ ಮೇಲೆ ಎಲ್ಲರೂ ಈ ಪ್ರಶ್ನೆಯನ್ನು ಶಾಸ್ತ್ರಕ್ಕೆ ಬರೆದು ಮುಂದೆ ಹೋಗಿಬಿಡುತ್ತಾರೆ. ನಾನು ಶಾಸ್ತ್ರಕ್ಕೆ ಕೇಳುತ್ತಿಲ್ಲ. ಊಟ ಸೇರುತ್ತಿದೆಯಾ? ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆಯಾ? ನುಂಗುವಾಗ ಎದೆಯಲ್ಲಿ ಎಲ್ಲಾದರೂ ತಡೆಯುತ್ತದೆಯಾ? ಕಾರಣವಿಲ್ಲದೆ ಬಟ್ಟೆ ಸಡಿಲವಾಗಿದೆಯಾ? ಇದು ಯಾವುದೂ ಇಲ್ಲದಿದ್ದರೆ ದೇವರು ದೊಡ್ಡವನು. ಆದರೂ ಓದು, ಯಾಕೆಂದರೆ ನಿಮ್ಮಪ್ಪನಿಗೂ ಬಹಳ ಕಾಲ ಇವು ಯಾವುವೂ ಇರಲಿಲ್ಲ. ನಿಮ್ಮಪ್ಪನಿಗೆ ಬಂದದ್ದು ನಿನಗೂ ಬರಬಹುದು. ಬರುವ ಸಾಧ್ಯತೆ ಇದೆಯೋ ಇಲ್ಲವೋ ಎಂಬುದನ್ನು ಒಂದು ರಕ್ತಪರೀಕ್ಷೆಯಿಂದ ಈಗಲೇ ತಿಳಿಯಬಹುದು. ಈ ಕಾಗದದ ವಿಷಯ ಇಷ್ಟೇ. ಮಿಕ್ಕದ್ದೆಲ್ಲ ಅದು ನನಗೆ ಹೇಗೆ ಗೊತ್ತಾಯಿತು, ನೀನು ನನ್ನ ಮಾತನ್ನು ಯಾಕೆ ನಂಬಬೇಕು ಎಂಬುದು.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ನಂಬರನ್ನು ನೀನು ಯಾವ ಕಾಲಕ್ಕೋ ಬ್ಲಾಕ್ ಮಾಡಿದ್ದೀಯ. ಪೋಸ್ಟಿಗೆ ಹಾಕಿದ ಎರಡು ಕಾಗದಗಳೂ ‘ತೆಗೆದುಕೊಳ್ಳಲಿಲ್ಲ’ ಎಂದು ಬರೆಸಿಕೊಂಡು ವಾಪಸು ಬಂದವು. ಅಕ್ಷರ ಪೋಸ್ಟ್‌ಮನ್‌ದು, ಸಿಟ್ಟು ನಿನ್ನದು. ಕಡೆಗೆ ನಾಯಂಡಹಳ್ಳಿಗೆ ಹೋಗಿ, ಮೆಟ್ರೊ ಸ್ಟೇಷನ್ನಿನ ಹಿಂದೆ ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಸಾಲಿನಲ್ಲಿ ನಿನ್ನ ದುಂಡೇಶ ಮಾಮನನ್ನು ಹುಡುಕಿದೆ. ವೆಲ್ಡಿಂಗ್ ಮುಖವಾಡ ಮೇಲಕ್ಕೆತ್ತಿ ನನ್ನನ್ನು ನೋಡಿದ, ಗುರುತು ಸಿಕ್ಕಿದ ಮೇಲೆ ಅದನ್ನು ತಿರುಗಿ ಇಳಿಸಿಕೊಂಡು ಕೈಯಲ್ಲಿದ್ದ ಬೆಸುಗೆ ಮುಗಿಸಿದ. ಅಕ್ಕನಿಗೆ ಅಷ್ಟೆಲ್ಲ ಅಂದ ಮನೆಯವಳು ಎದುರಿಗೆ ಬಂದು ನಿಂತರೆ ಯಾವ ತಮ್ಮ ತಾನೇ ನಗುತ್ತಾನೆ? ಆದರೂ ಚಹಾ ತರಿಸಿದ. ವಿಷಯ ಕೇಳಿ, “ಪತ್ರಾ ಮುಟ್ಟಸ್ತೇನ್ರಿ ಅಕ್ಕಾರ. ಓದೂದು ಬಿಡೂದು ಆಕಿಗೆ ಬಿಟ್ಟದ್ದು” ಎಂದ. ಇವತ್ತು ಸಂಜೆಯ ರೈಲಿಗೆ ಗದಗಿಗೆ ಹೊರಟಿದ್ದಾನೆ. ನೀನು ಈಗ ಅಲ್ಲಿ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೀಯೆಂದು ಅವನೇ ಹೇಳಿದ್ದು. ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಹಿಂತಿರುಗುವಾಗ ಇಳಿಯುವ ಸ್ಟೇಷನ್ ಬಿಟ್ಟು ಮುಂದೆ ಹೋಗಿಬಿಟ್ಟೆ.

ನೀನು ಚಿಕ್ಕವಳಾಗಿದ್ದಾಗ ನಾನು ಮನೆಗೆ ಬಂದ ಕೂಡಲೇ ನನ್ನ ದುಪಟ್ಟಾ ಮೂಸಿ, “ಅತ್ತೆ, ನೇಲ್ ಪಾಲಿಶ್ ವಾಸನೆ” ಎನ್ನುತ್ತಿದ್ದೆ. ನೇಲ್ ಪಾಲಿಶ್ ಹಚ್ಚುವ ಜಾಯಮಾನ ನನ್ನದಲ್ಲ. ಅದು ಲ್ಯಾಬಿನ ದ್ರಾವಕಗಳ ವಾಸನೆ. ಅತ್ತೆಗೆ ಲ್ಯಾಬಿನಲ್ಲಿ ಏನು ಕೆಲಸ ಎಂದು ನಿನಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ. ನಾನು ಓದಿದ್ದು ಸಾವಯವ ರಸಾಯನಶಾಸ್ತ್ರ. ನಿನ್ನಜ್ಜಿಯ ಭಜನೆ ಗೆಳತಿಯರು ಸಾವಯವ ಎಂದರೆ ರಾಸಾಯನಿಕ ಗೊಬ್ಬರ ಹಾಕದ ತರಕಾರಿ ಎಂದುಕೊಂಡು, ಹಾವನೂರು ಸರ್ಕಲ್ಲಿನ ಅಂಗಡಿಯ ಸೊಪ್ಪು ಒಳ್ಳೆಯದಾ ಎಂದು ಇವತ್ತಿಗೂ ನನ್ನನ್ನು ಕೇಳುತ್ತಾರೆ. ನಿಜವಾಗಿ ಅದೊಂದು ಅಡುಗೆ. ಕರಗಿಸಬೇಕು, ಕುದಿಸಬೇಕು, ಸೋಸಬೇಕು, ಹರಳು ಕಟ್ಟುವವರೆಗೆ ಕಾಯಬೇಕು. ಮನೆಯಲ್ಲಿ ಒಗ್ಗರಣೆ ಸೀಯಿಸುವ ನಾನು ಅಲ್ಲಿ ಒಂದು ದಿನವೂ ಪಾಕ ಕೆಡಿಸಿದವಳಲ್ಲ. ಹೀಗೆ ಮಾಡಿದ ಹಳದಿ ಹರಳೊಂದನ್ನು ಪಕ್ಕದ ವಿಭಾಗದವರು ಹೊಟ್ಟೆಯ ಕ್ಯಾನ್ಸರಿನ ಕೋಶಗಳ ಮೇಲೆ ಸುರಿದು ನೋಡಿದರು. ಮಾರನೆಯ ದಿನಕ್ಕೆ ತಟ್ಟೆ ತುಂಬ ಹೆಣ. ಅವತ್ತು ನನಗೆ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ನಲವತ್ತರ ಹತ್ತಿರ ಬಂದ ಹೆಂಗಸು, ನನ್ನ ಅರ್ಧ ವಯಸ್ಸಿನವರ ಪಕ್ಕ ಕುಳಿತು ಜೀವಶಾಸ್ತ್ರವನ್ನು ಅ ಆ ಇ ಈಯಿಂದ ಕಲಿತೆ. ಕೋಶಗಳನ್ನು ಸಾಕುವುದನ್ನು ಕಲಿತೆ. ಅವುಗಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು, ಭಾನುವಾರ ಹಬ್ಬ ಎಂದರೆ ಅವು ಕೇಳುವುದಿಲ್ಲ. ಯುಗಾದಿಯ ದಿನ ನಾನು ಚಪ್ಪಲಿ ಮೆಟ್ಟುವುದನ್ನು ನೋಡಿ ಅಜ್ಜಿ, “ಮನೇಲಿರೋರಿಗೆ ಒಂದಿನ ಬಡಿಸ್ಲಿಲ್ಲ, ಕ್ಯಾನ್ಸರ್‌ಗೆ ಊಟ ಹಾಕಕ್ಕೆ ಓಡ್ತಾಳೆ” ಎಂದದ್ದು ನಿನಗೂ ನೆನಪಿರಬೇಕು, ಯಾಕೆಂದರೆ ನೀನು ಬಿದ್ದು ಬಿದ್ದು ನಕ್ಕಿದ್ದೆ.

ಆ ಹಳದಿ ಹರಳು ಇಲಿಗಳ ಕ್ಯಾನ್ಸರ್ ಗಂಟನ್ನು ಕರಗಿಸಿತು. ಜೊತೆಗೆ ಅವುಗಳ ಪಿತ್ತಜನಕಾಂಗವನ್ನೂ ತಿಂದುಹಾಕಿತು. ರೋಗಕ್ಕಿಂತ ಮೊದಲು ಮದ್ದೇ ಕೊಂದಿತು. ಅದರ ಅಣುವಿನಲ್ಲಿ ಇಲ್ಲೊಂದು ಕೊಂಡಿ ಬದಲಾಯಿಸಿ, ಅಲ್ಲೊಂದು ಬಾಲ ಕತ್ತರಿಸಿ, ಅದರ ಅಕ್ಕತಂಗಿಯರನ್ನೆಲ್ಲ ಮಾಡಿ ನೋಡಿದೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ಊರಿಗೆಲ್ಲ ಗಾದೆ, ನನಗೆ ದಿನಚರಿ. ರಸಾಯನಶಾಸ್ತ್ರದವರು ಇವಳು ಅತ್ತ ಹೋದಳು ಎಂದರು, ಜೀವಶಾಸ್ತ್ರದವರು ಇವಳು ಇತ್ತಲಿಂದ ಬಂದವಳು ಎಂದರು. ಲೇಖನಗಳು ಅಚ್ಚಾದವು, ಸಂಸ್ಥೆಯವರು ಶಾಲು ಹೊದಿಸಿದರು. ಮುಂದಿನ ವರ್ಷ ನಿವೃತ್ತಿ, ಇನ್ನೊಂದು ಶಾಲು ಬರುತ್ತದೆ. ನಾನು ಮಾಡಿದ ಯಾವ ಹರಳೂ ಇವತ್ತಿನವರೆಗೆ ಯಾವ ರೋಗಿಯ ಬಾಯಿಗೂ ಹೋಗಿಲ್ಲ. ನಿಮ್ಮಪ್ಪ ಮಾತ್ರ ಮದುವೆ ಮುಂಜಿಗಳಲ್ಲಿ ಎದೆ ಉಬ್ಬಿಸಿ, “ನಮ್ಮಕ್ಕ ಕ್ಯಾನ್ಸರ್‌ಗೆ ಮದ್ದು ಮಾಡ್ತಾಳೆ” ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ತಾನೇ ಹಾಸಿಗೆ ಹಿಡಿದಾಗ ಒಂದು ದಿನ ಯಾರೂ ಇಲ್ಲದ್ದು ನೋಡಿ, “ಅಕ್ಕಾ, ನಿಂದೇನಾದ್ರೂ ಇದ್ರೆ ಕೊಟ್ಬಿಡೇ, ನಾನು ಇಲಿ ಅಂದ್ಕೋ” ಎಂದ. ನಗಿಸಲು ಹೇಳಿದ್ದು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಮದ್ದು ಎಂದೆನಲ್ಲ, ನಮ್ಮ ಮನೆ ಹಾಳಾದದ್ದೇ ಆ ಮಾತಿನಿಂದ. ನಮ್ಮ ಭಾಷೆಯಲ್ಲಿ ರೋಗ ಕಳೆಯುವುದೂ ಮದ್ದೇ, ಆಗದವರು ಅನ್ನದಲ್ಲಿ ಕಲಸಿ ಇಡುವುದೂ ಮದ್ದೇ. ನಿನ್ನಜ್ಜಿಗೆ ಎಂಟೋ ಒಂಬತ್ತೋ ವಯಸ್ಸಾಗಿದ್ದಾಗ ಅವಳ ತಾಯಿ ಅನ್ನ ಇಳಿಯದೆ, ಕುಡಿದ ಗಂಜಿಯನ್ನೂ ಕಕ್ಕಿ, ಕಡ್ಡಿಯಂತಾಗಿ ಸತ್ತಳು. ಮನೆಯಲ್ಲಿ ಸವತಿ ಇದ್ದಳು. ಸವತಿ ಮದ್ದು ಹಾಕಿದಳು ಎಂದು ಊರೇ ಹೇಳಿತು, ಆ ಹೆಂಗಸನ್ನು ಉಟ್ಟ ಸೀರೆಯಲ್ಲಿ ಆಚೆಗೆ ಹಾಕಿದರು. ಆಮೇಲೆ ನಿನ್ನಜ್ಜಿಯ ಅಕ್ಕ ಹಾಗೆಯೇ ಹೋದಳು. ಆಗ ಅಪವಾದ ಅವಳ ಓರಗಿತ್ತಿಯ ತಲೆಗೆ ಬಂತು. ತಾಯಿಯನ್ನು ಹಾಗೆ ಕಳೆದುಕೊಂಡ ಹುಡುಗಿಗೆ ಯಾರ ಕೈಯಿಂದ ಉಣ್ಣುತ್ತಿದ್ದೇನೆ ಎಂಬುದೇ ಬದುಕಿನ ದೊಡ್ಡ ಪ್ರಶ್ನೆಯಾಗಿ ಉಳಿಯಿತು. ಮದುವೆ ಮನೆಗಳಲ್ಲಿ ಅಜ್ಜಿ ಎಲೆಯ ಮುಂದೆ ಕುಳಿತು ಮೊದಲು ಬಡಿಸುವವರ ಮುಖ ನೋಡುತ್ತಿದ್ದಳು, ಆಮೇಲೆ ಪಲ್ಯ ನೋಡುತ್ತಿದ್ದಳು. ಅವಳ ಪರವಾಗಿ ವಕಾಲತ್ತು ಮಾಡುತ್ತಿಲ್ಲ, ಆ ಸಂಶಯ ಹೇಗೆ ಬಂತು ಎಂದು ಹೇಳುತ್ತಿದ್ದೇನೆ ಅಷ್ಟೇ.

ಅಂಥವಳ ಮನೆಗೆ ನಿನ್ನಮ್ಮ ಪಾರವ್ವ ಬಂದಳು. ನಿಮ್ಮಪ್ಪ ಮುರಳಿ ಗದಗಿನ ಬ್ಯಾಂಕಿಗೆ ವರ್ಗವಾಗಿ ಹೋದವನು ಅಲ್ಲಿಯ ಶಾಲೆಯ ಟೀಚರನ್ನು, ಬೇರೆ ಜಾತಿಯವಳನ್ನು, ಯಾರನ್ನೂ ಕೇಳದೆ ಕಟ್ಟಿಕೊಂಡು ಬಂದ. ಹೆತ್ತ ತಾಯಿಗೆ ಎದುರಾಡದವನು ಹೀಗೆ ಮಾಡಿದ್ದಾನೆಂದರೆ ಮದ್ದೇ ಹಾಕಿ ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂದು ಅಜ್ಜಿ ಅವತ್ತೇ ತೀರ್ಮಾನಿಸಿದಳು. ಸಾಕ್ಷಿಯೂ ಸಿಕ್ಕಿತು. ನಿನ್ನಮ್ಮ ತವರಿನಿಂದ ತರುತ್ತಿದ್ದ ಆ ಕರಿಯ ಚಟ್ನಿಪುಡಿ. ಮುರಳಿಗೆ ಅದಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಏನಮ್ಮ ಇದು ಎಂದು ಅಜ್ಜಿ ಕೇಳಿದರೆ ನಿನ್ನಮ್ಮ, “ಗುರೆಳ್ಳ ಹಿಂಡಿರಿ” ಎಂದಳು. ಗುರೆಳ್ಳು ಎಂಬ ಮಾತನ್ನು ಅಜ್ಜಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎಳ್ಳೂ ಅಲ್ಲ, ಇನ್ನೇನೋ. ಕಪ್ಪಗೆ ಬೇರೆ ಇದೆ. ನಾನು ನಮ್ಮದೇ ಡಬ್ಬದಿಂದ ಒಂದು ಹಿಡಿ ಹುಚ್ಚೆಳ್ಳು ತೆಗೆದು ಅವಳ ಮುಂದೆ ಸುರಿದು, “ಅಮ್ಮಾ, ನಾವು ಹುಚ್ಚೆಳ್ಳು ಅಂತೀವಲ್ಲ, ಅದನ್ನೇ ಅವ್ರು ಗುರೆಳ್ಳು ಅಂತಾರೆ ಕಣೇ” ಎಂದೆ. “ಹಾಗಂತ ಅವ್ಳು ಹೇಳಿದ್ಲಾ?” ಎಂದಳು. ಲ್ಯಾಬಿಗೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡು ಎಂದು ದುಂಬಾಲು ಬಿದ್ದಳು. ಮಾಡುವುದಿಲ್ಲ ಎಂದೆ. ಮನೆಯ ಸೊಸೆಯ ಚಟ್ನಿಪುಡಿಯನ್ನು ಗಾಜಿನ ಕೊಳವೆಗೆ ಹಾಕಿದರೆ, ಏನೂ ಸಿಗದಿದ್ದರೂ ಅವಳ ಮರ್ಯಾದೆ ಹೋದ ಹಾಗೇ. ಇವತ್ತು ಕೇಳಿದರೂ ಮಾಡುವುದಿಲ್ಲ. ಆದರೆ ಅಜ್ಜಿ ಅದಕ್ಕೂ ಅರ್ಥ ಹಚ್ಚಿದಳು. ಜಲಜಾ ಪರೀಕ್ಷೆ ಮಾಡಿದ್ದಾಳೆ, ಮದ್ದು ಸಿಕ್ಕಿದೆ, ಮನೆ ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದಾಳೆ. ಇಂಥ ತಲೆಗೆ ಯಾವ ರಸಾಯನಶಾಸ್ತ್ರ ಉತ್ತರ ಕೊಡುತ್ತದೆ, ನೀನೇ ಹೇಳು.

ಮುಂದಿನದು ನೀನು ಕಣ್ಣಾರೆ ಕಂಡದ್ದು, ಆದರೆ ಆಗ ನೀನು ಪಿಯುಸಿ ಹುಡುಗಿ, ಎಲ್ಲವನ್ನೂ ನಿನ್ನ ಮುಂದೆ ಆಡುತ್ತಿರಲಿಲ್ಲ. ಮುರಳಿಗೆ ಊಟ ಸೇರದಾದಾಗ ಮೊದಲು ಅಜ್ಜಿ ಅವನನ್ನು ಕರೆದುಕೊಂಡು ಹೋದದ್ದು ಡಾಕ್ಟರ ಹತ್ತಿರಕ್ಕಲ್ಲ, ಮಾಗಡಿ ಕಡೆಯ ಒಂದು ಹಳ್ಳಿಗೆ, ಮದ್ದು ತೆಗೆಸಲು. ನನಗೂ ನಿನ್ನಮ್ಮನಿಗೂ ಕೆಂಗೇರಿಯ ನೆಂಟರ ಮನೆ ಎಂದು ಹೇಳಿದ್ದರು. ಅಲ್ಲಿ ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದ್ದಾರೆ. ಬೇಸಿನ್ನಿನಲ್ಲಿ ಕಪ್ಪು ಕಪ್ಪು ಚೂರು ಕಂಡಿದೆ. ನೋಡಿ, ಮದ್ದು ಬಿತ್ತು ಎಂದು ತೋರಿಸಿದ್ದಾರೆ. ಹಿಂದಿನ ರಾತ್ರಿ ರೊಟ್ಟಿಯ ಜೊತೆ ತಿಂದ ಗುರೆಳ್ಳು ಅದು! ಅದಾದ ಮೇಲೆ ಅವನಿಗೆ ಹಗುರವಾಯಿತಂತೆ, ನಾಲ್ಕು ದಿನ ಊಟ ಸೇರಿತಂತೆ, ಆದ್ದರಿಂದ ಮತ್ತೆ ಮತ್ತೆ ಹೋದರು. ಕಡೆಗೆ ನಾನು ಜಗಳವಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಹೊತ್ತಿಗೆ ಹೊಟ್ಟೆಯ ಗೋಡೆಯೆಲ್ಲ ಚರ್ಮದ ಚೀಲದ ಹಾಗೆ ಗಟ್ಟಿಯಾಗಿತ್ತು. ಅಲ್ಲಿಯ ಡಾಕ್ಟರು ಮೊದಲು ಕೇಳಿದ ಪ್ರಶ್ನೆ, ನಿಮ್ಮ ವಂಶದಲ್ಲಿ ಯಾರಿಗಾದರೂ ಇತ್ತಾ ಎಂದು. ಅಜ್ಜಿ ತಕ್ಷಣ, “ಇಲ್ಲ ಸಾರ್, ನಮ್ಮ ವಂಶದಲ್ಲಿ ಯಾರ್ಗೂ ಕ್ಯಾನ್ಸರ್ ಬಂದಿಲ್ಲ” ಎಂದಳು. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ. ಅವಳು ಸುಳ್ಳು ಹೇಳಲಿಲ್ಲ ಧನ್ಯಾ. ಅವಳ ತಾಯಿಗೆ, ಅಕ್ಕನಿಗೆ ಬಂದದ್ದು ಕ್ಯಾನ್ಸರ್ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವರಿಗೆ ಮದ್ದು ಹಾಕಿದ್ದರು. ಕ್ಯಾನ್ಸರಿನ ಕೋಶಗಳಿಗೆ ವರ್ಷಗಟ್ಟಲೆ ಊಟ ಹಾಕಿದ ನನಗೂ ಆ ಕಥೆಗೂ ಈ ರೋಗಕ್ಕೂ ಗಂಟು ಹಾಕಲು ತೋಚಲಿಲ್ಲ. ಅದು ಕಥೆ, ಇದು ರೋಗ ಎಂದು ಎರಡನ್ನೂ ಬೇರೆ ಬೇರೆ ಡಬ್ಬದಲ್ಲಿ ಇಟ್ಟುಕೊಂಡಿದ್ದೆ.

ಮುರಳಿ ಹೋದ. ಹದಿಮೂರನೆಯ ದಿನದ ಊಟದಲ್ಲಿ ನಿನ್ನಮ್ಮ ಪಾಯಸದ ಪಾತ್ರೆ ಎತ್ತಿಕೊಂಡು ಪಂಕ್ತಿಗೆ ಬಂದಾಗ ಅಜ್ಜಿ ಎಲ್ಲರೆದುರಿಗೆ, “ನಿನ್ ಕೈಯಿಂದ ಬೇಡ. ನನ್ ಮಗನಿಗೆ ಬಡಿಸಿದ್ದು ಸಾಕು” ಎಂದಳು. ನಾನು ಎದ್ದು ಕೂಗಾಡಿದೆ, ನಿನ್ನಮ್ಮನ ಕೈಯಿಂದ ಪಾತ್ರೆ ತೆಗೆದುಕೊಂಡು ನಾನೇ ಸೌಟಿನಿಂದ ಎರಡು ಬಾರಿ ಬಾಯಿಗೆ ಹಾಕಿಕೊಂಡೆ. ಅದರಿಂದ ಏನಾಗಬೇಕು. ನಿನ್ನಮ್ಮ ಮಹಡಿ ಹತ್ತಿ ಬಟ್ಟೆ ಕಟ್ಟಿದಳು. ನೀನು ಮೆಟ್ಟಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿದ ನೋಟ ನನ್ನ ಕಣ್ಣಿನಿಂದ ಹೋಗಿಲ್ಲ. ನೀನು ಸಿಟ್ಟಾದದ್ದು ಸರಿ. ಆ ಸಿಟ್ಟನ್ನು ಇಟ್ಟುಕೋ, ನನಗೆ ಬೇಸರವಿಲ್ಲ. ಆದರೆ ಅದು ನಿನ್ನ ಪ್ರಾಣಕ್ಕೆ ಅಡ್ಡ ಬರುವುದು ಬೇಡ.

ಈಗ ನನಗೆ ಹೇಗೆ ಗೊತ್ತಾಯಿತು ಎಂಬುದು. ಕೆಲವು ವರ್ಷಗಳಿಂದ ನಮ್ಮ ಲ್ಯಾಬು ಹೊಟ್ಟೆಯ ಕ್ಯಾನ್ಸರ್ ವಂಶದಲ್ಲಿ ಹರಿದು ಬರುವ ಮನೆತನಗಳ ರಕ್ತ ಓದುತ್ತಿದೆ. ರೋಗಿಗಳ ರಕ್ತದ ಪಕ್ಕದಲ್ಲಿ ಹೋಲಿಕೆಗೆಂದು ರೋಗವಿಲ್ಲದವರ ರಕ್ತವನ್ನೂ ಇಟ್ಟು ಓದಬೇಕು, ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಹೊರಗಿನಿಂದ ಆರೋಗ್ಯವಂತರನ್ನು ಹಿಡಿದು ತರುವವರು ಯಾರು? ಲ್ಯಾಬಿನವರೇ ತೋಳು ಚಾಚುವುದು ರೂಢಿ. ನಾನೂ ಕೊಟ್ಟೆ. ನನ್ನ ಟ್ಯೂಬಿನ ಮೇಲೆ ನನ್ನ ಕೈಯಾರೆ ‘ನಾರ್ಮಲ್ ೩’ ಎಂದು ಬರೆದೆ. ಮಳೆಗಾಲದ ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿನಿ ರಾಗಿಣಿ ಮುಖ ಚಿಕ್ಕದು ಮಾಡಿಕೊಂಡು ಬಂದು, “ಮೇಡಂ, ನಾರ್ಮಲ್ ತ್ರೀ ಹಾಳಾಗಿದೆ ಅನ್ಸುತ್ತೆ. ಯಾವ್ದೋ ಪೇಷೆಂಟ್ ಸ್ಯಾಂಪಲ್ ಸೇರ್ಕೊಂಡಿದೆ. ಎಸೆದು ಬೇರೆ ತಗೊಳ್ಳಾ?” ಎಂದಳು. ತನ್ನ ಕೈಯಿಂದ ತಪ್ಪಾಗಿದೆ ಎಂದು ಅವಳಿಗೆ ಅಳು ಬಂದಿತ್ತು. ಎಸೆಯಬೇಡ ಎಂದೆ. ಅವಳ ಕೈಯಿಂದ ತಪ್ಪಾಗಿರಲಿಲ್ಲ. ಆರೋಗ್ಯಕ್ಕೆ ಅಳತೆಗೋಲು ಎಂದು ನಾನು ಇಟ್ಟ ರಕ್ತದಲ್ಲೇ ಆ ದೋಷವಿತ್ತು. ಹೊಸದಾಗಿ ರಕ್ತ ಕೊಟ್ಟು, ಬೇರೆ ಕಡೆಯ ಲ್ಯಾಬಿನಿಂದಲೂ ಓದಿಸಿದೆ. ಅದೇ ಬಂತು.

ದೋಷ ಇರುವುದು ಒಂದು ಜೀನಿನಲ್ಲಿ. ಹೊಟ್ಟೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿಡುವ ಗೋಂದನ್ನು ಮಾಡುವುದು ಅದರ ಕೆಲಸ. ಅದು ಕೆಟ್ಟರೆ ಕೋಶಗಳು ಒಂದೊಂದೇ ಬಿಡಿಯಾಗಿ ಗೋಡೆಯೊಳಗೆ ನುಸುಳಿಕೊಂಡು ಹೋಗುತ್ತವೆ. ಗಂಟು ಕಟ್ಟುವುದಿಲ್ಲ, ಆದ್ದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಬದಿಗೆ ಹರಳು ಕೂರಿಸಿದ ಉಂಗುರದ ಹಾಗಿರುತ್ತವೆ. ನಮ್ಮವರು ಅವನ್ನು ಉಂಗುರ ಎಂದೇ ಕರೆಯುತ್ತಾರೆ. ಮುರಳಿಯ ಹೊಟ್ಟೆಯಿಂದ ಪರೀಕ್ಷೆಗೆಂದು ತೆಗೆದ ಚೂರನ್ನು ಆ ಆಸ್ಪತ್ರೆಯವರು ಮೇಣದಲ್ಲಿ ಹುದುಗಿಸಿ ಇಟ್ಟಿದ್ದರು. ಅದನ್ನೂ ಓದಿಸಿದೆವು. ಅವನಲ್ಲೂ ಅದೇ ದೋಷ, ಅದೇ ಜಾಗದಲ್ಲಿ. ತಂದೆಯಲ್ಲಿದ್ದರೆ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ. ನೀನು ಗಣಿತದವಳು, ಅರ್ಧ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದ್ದವರಿಗೆಲ್ಲ ರೋಗ ಬಂದೇ ಬರುತ್ತದೆ ಎಂದೂ ಇಲ್ಲ. ಹೆಣ್ಣುಮಕ್ಕಳಿಗೆ ಎದೆಯಲ್ಲಿಯೂ ಬರಬಹುದು, ಅದನ್ನೂ ನೋಡಿಸಿಕೊಳ್ಳುತ್ತಿರಬೇಕು. ಇದೆಯೆಂದು ಗೊತ್ತಾದರೆ ಡಾಕ್ಟರು ಹೇಳುವುದು ಕಠಿಣವಾದ ಮಾತು. ರೋಗ ಬರುವ ಮುಂಚೆ ಹೊಟ್ಟೆಯನ್ನೇ, ಎಂದರೆ ಜಠರದ ಚೀಲವನ್ನೇ, ತೆಗೆಸಿಬಿಡುವುದು ಒಂದು ದಾರಿ, ವರ್ಷವರ್ಷವೂ ಒಳಗೆ ಕ್ಯಾಮೆರಾ ಬಿಟ್ಟು ನೋಡಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಎಷ್ಟೋ ಸಲ ಮೋಸ ಮಾಡುತ್ತದೆ. ನಿನಗೆ ಸಿಹಿ ಸವರಿ ಹೇಳುವ ವಯಸ್ಸಲ್ಲ ನನ್ನದು. ಹೊಟ್ಟೆ ಇಲ್ಲದೆಯೂ ಜನ ಬದುಕುತ್ತಾರೆ, ಪಾಠ ಮಾಡುತ್ತಾರೆ, ಮಕ್ಕಳನ್ನು ಹೆರುತ್ತಾರೆ. ನಿಮ್ಮಪ್ಪನ ಹಾಗೆ ಹೋದವರು ತಿರುಗಿ ಬರುವುದಿಲ್ಲ.

ಇದು ನಮಗೆ ಎಲ್ಲಿಂದ ಬಂತು ಎಂದು ನೋಡಲು ಅಜ್ಜಿಯ ರಕ್ತ ಬೇಕಿತ್ತು. ಮುಚ್ಚುಮರೆ ಮಾಡದೆ ಕೇಳಿದೆ. “ತಗೋ, ನಂದ್ರಲ್ಲಿ ಏನಿರತ್ತೆ?” ಎಂದು ತೋಳು ಚಾಚಿದಳು. ಎಂಬತ್ತು ದಾಟಿದ ಮುದುಕಿ, ಇವತ್ತಿಗೂ ಎರಡು ಮುದ್ದೆ ಕರಗಿಸುವವಳು. ಅವಳಲ್ಲೇ ಇತ್ತು. ಅವಳ ತಾಯಿಯಿಂದ ಬಂದು, ಅವಳನ್ನು ಮುಟ್ಟದೆ, ಅವಳಿಂದ ನಮ್ಮಿಬ್ಬರಿಗೂ ದಾಟಿತ್ತು. ಹೇಳುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಸಾಯುವ ಕಾಲಕ್ಕೆ ಯಾಕೆ ಎಂದು ಒಂದು ಮನಸ್ಸು. ಇಲ್ಲ, ನಿನ್ನಮ್ಮನ ಹೆಸರು ಆ ಬಾಯಿಂದಲೇ ತೊಳೆಯಬೇಕು ಎಂದು ಇನ್ನೊಂದು. ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. “ನಮ್ಮಮ್ಮಂಗೂ ಇದೇನಾ?” ಎಂದಳು. ಇದೇ ಇರಬೇಕು ಎಂದೆ. “ಮತ್ತೆ ಆ ಸವತಿ?” ಏನೂ ಮಾಡಿಲ್ಲ ಎಂದೆ. ಪಾರವ್ವನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಲಿದ ಕಾಳನ್ನೆಲ್ಲ ತಿರುಗಿ ಸಿಪ್ಪೆಯ ಮೇಲೆ ಸುರಿದುಬಿಟ್ಟಳು. ಆಮೇಲೆ, “ಹಾಗಾದ್ರೆ ಮುರಳೀಗೆ ಮದ್ದು ಹಾಕ್ದೋಳು ನಾನೇ ಅನ್ನು. ಹೊಟ್ಟೇಲಿ ಇಟ್ಕೊಂಡೇ ಹಾಕ್ಬಿಟ್ಟಿದ್ದೆ” ಎಂದಳು.

ಯಾರೂ ಹಾಕಿಲ್ಲ ಕಣಮ್ಮಾ ಎಂದೆ. ಜೀನು ಎಂದೆ, ಪಾಲು ಎಂದೆ, ಯಾರ ತಪ್ಪೂ ಅಲ್ಲ ಎಂದೆ. ರೋಗಿಗಳ ಮನೆಯವರಿಗೆ ಸಮಾಧಾನ ಹೇಳುವ ಮಾತು ನನ್ನ ಬಾಯಲ್ಲಿ ಬೇಕಾದಷ್ಟಿದೆ, ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಅವತ್ತಿನಿಂದ ಸೌಟು ಮುಟ್ಟಿಲ್ಲ. ನಿನಗೆ ಗೊತ್ತಲ್ಲ, ಈ ಮನೆಯಲ್ಲಿ ಅವಳು ಬಡಿಸದೆ ಯಾರೂ ಉಂಡದ್ದಿಲ್ಲ. ಈಗ ಅನ್ನ ಬೆಂದ ಮೇಲೆ ದೂರ ಕುಳಿತು, “ನೀನೇ ಹಾಕ್ಕೊಳೇ, ನನ್ ಕೈಯಿಂದ ಬೇಡ” ಎನ್ನುತ್ತಾಳೆ. ನಿನ್ನಮ್ಮನಿಗೆ ಹೇಳಿದ ಅದೇ ಮಾತು ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಒಂದು ಕಾಲಕ್ಕೆ ಅವಳಿಗೆ ಇಂಥ ಶಿಕ್ಷೆ ಆಗಲಿ ಎಂದು ನಾನೇ ಬಯಸಿದ್ದೆ. ಆಗಿದೆ, ನೋಡಲಾಗುತ್ತಿಲ್ಲ.

ನೀನು ಬೆಂಗಳೂರಿಗೆ ಬರಬೇಕೆಂದಿಲ್ಲ, ನಮ್ಮ ಮುಖ ನೋಡಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ ರಕ್ತ ಕೊಟ್ಟರೆ ಸಾಕು. ಯಾರನ್ನು ಕಾಣಬೇಕು ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಆ ಡಾಕ್ಟರಮ್ಮ ನನಗೆ ಚೆನ್ನಾಗಿ ಗೊತ್ತು, ನಿಧಾನವಾಗಿ ಕೂರಿಸಿಕೊಂಡು ಹೇಳುತ್ತಾರೆ. ಫಲಿತಾಂಶ ಏನೇ ಬರಲಿ, ನನಗೆ ತಿಳಿಸಲೇಬೇಕೆಂದೂ ಇಲ್ಲ. ಇಲ್ಲವೆಂದು ಬಂದರೆ ಮಾತ್ರ ದುಂಡೇಶನಿಗೆ ಒಂದು ಮಾತು ಹೇಳು, ಅವನು ನನಗೆ ಹೇಳುತ್ತಾನೆ. ಮುಂದಕ್ಕೆ ಹಾಕಬೇಡ, ಪರೀಕ್ಷೆ ಪೇಪರು ತಿದ್ದುವುದಿದೆ ಎನ್ನಬೇಡ. ಈ ಕಾಗದವನ್ನು ನಿನ್ನಮ್ಮನಿಗೂ ಓದಿ ಹೇಳು. ಅವಳು ತಪ್ಪು ಮಾಡಿಲ್ಲವೆಂದು ಅವಳಿಗೆ ನಾನು ಹೇಳಬೇಕಾಗಿಲ್ಲ, ಅವಳಿಗೇ ಗೊತ್ತು. ಆದರೆ ಈ ಮನೆಯಿಂದ ಬರಹದಲ್ಲಿ ಒಂದು ಮಾತು ಅವಳಿಗೆ ಸಿಗಬೇಕಾಗಿತ್ತು.

ಪಾರವ್ವನಿಗೆ ನನ್ನ ನಮಸ್ಕಾರ. ಚಿಕ್ಕವಳಿಗೆ ನಮಸ್ಕಾರ ಬರೆಯಬಾರದು ಎನ್ನುತ್ತಾರೆ, ಬರೆಯುತ್ತೇನೆ. ನಿನಗೆ ಹಸಿವಾಗಲಿ, ಉಂಡದ್ದು ಮೈಗೆ ಹತ್ತಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಸೋದರತ್ತೆ,
ಜಲಜಾ

ವಿ.ಸೂ.: ದುಂಡೇಶ ಗೇಟಿನ ಹತ್ತಿರ ಬಂದು ಗಾಡಿ ಆಫ್ ಮಾಡದೆ ನಿಂತಿದ್ದಾನೆ, ರೈಲಿಗೆ ಹೊತ್ತಾಯಿತಂತೆ. ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ನನ್ನ ಹೊಟ್ಟೆಯಿಂದ ತೆಗೆದ ಚೂರುಗಳಲ್ಲಿ ಉಂಗುರಗಳು ಸಿಕ್ಕಿವೆ. ಸ್ಲೈಡನ್ನು ನಾನೇ ನೋಡಿದೆ, ಇಷ್ಟು ವರ್ಷ ಊಟ ಹಾಕಿದವಳಿಗೆ ಗುರುತು ತಪ್ಪುವುದಿಲ್ಲ. ಡಿಸೆಂಬರ್ ಮೊದಲ ವಾರ ಹೊಟ್ಟೆಯನ್ನು ಪೂರ್ತಿ ತೆಗೆಯುತ್ತಾರೆ. ಎಷ್ಟು ದೂರ ಹೋಗಿದೆಯೋ ಕೊಯ್ದ ಮೇಲೆ ತಿಳಿಯುತ್ತದೆ. ನೀನು ನನ್ನಷ್ಟು ತಡ ಮಾಡಬೇಡ ಎಂದೇ ಇಷ್ಟುದ್ದ ಬರೆದದ್ದು. ಇನ್ನೊಂದು ಆಸೆ. ಹೊಟ್ಟೆ ಇರುವಾಗಲೇ ನಿನ್ನಮ್ಮನ ಕೈಯ ಜೋಳದ ರೊಟ್ಟಿ, ಅದರ ಜೊತೆ ಆ ಕರಿಯ ಹಿಂಡಿ, ಒಂದು ಸಲ ತಿನ್ನಬೇಕು. ಬಂದು ಬಡಿಸು ಎಂದು ಕೇಳುವ ಮುಖ ಈ ಮನೆಗಿಲ್ಲ. ಡಬ್ಬಿಗೆ ಹಾಕಿ ದುಂಡೇಶನ ಕೈಯಲ್ಲಿ ಕಳಿಸಿದರೂ ಸಾಕು. ಅಜ್ಜಿ ಬಾಗಿಲು ಹಿಡಿದು ನಿಂತು ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ಏನು ಬರೆದೆ ಎಂದು ಕೇಳಿದಳು, ಹೇಳಿದೆ. “ಹುಚ್ಚೆಳ್ಳು ಅಂತ ಬರೀಬೇಡ ಕಣೇ, ಅವ್ರ ಕಡೆ ಗುರೆಳ್ಳು ಅಂತಾರೆ, ಹಾಗೇ ಬರಿ” ಎಂದಳು. ಬರೆದಿದ್ದೇನೆ, ಗುರೆಳ್ಳು. ಕವರು ಅಂಟಿಸಲು ಹೋದರೆ ಮತ್ತೆ ಕೈ ಹಿಡಿದಳು. “ಇಬ್ರಿಗಾಗೋಷ್ಟು ಅಂತ ಬರಿ.”